ಹೆಸರಿನ ಮುಂದೆ ನಿಂತ ಊರು

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಒಬ್ಬರ ಹೆಸರೆಂದರೆ ಅದರಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಅಡಗಿರುತ್ತವೆ. ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಮೂರನೆಯದು ಅವರದೇ ಹೆಸರು. ಮೊದಲಿನ ಎರಡನ್ನು ನಾವು ಒಂದೊಂದು ಅಕ್ಷರಕ್ಕೆ ಇಳಿಸಿ, ಅದಕ್ಕೆ ‘ಇನಿಷಿಯಲ್’ ಎಂದು ಕರೆದು, ಬಾಗಿಲ ಫಲಕದ ಮೇಲೆ ಬರೆಸಿ ಸುಮ್ಮನಾಗಿಬಿಡುತ್ತೇವೆ. ಆ ಮೊದಲನೆಯ ಅಕ್ಷರದ ಕಥೆಯನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಊರನ್ನು ಹೆಸರಾಗಿ ಹೊರುವ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನಲ್ಲಿ 1066ರಲ್ಲಿ ನಾರ್ಮನ್ನರು ಗೆದ್ದು ನೆಲೆನಿಂತ ಮೇಲೆ, ಭೂಮಿಯ ಒಡೆಯರು ತಮ್ಮ ತಮ್ಮ ಜಹಗೀರಿನ ಹೆಸರಿನಿಂದ ಕರೆಸಿಕೊಳ್ಳುವುದು ಬಳಕೆಗೆ ಬಂತು. ಕ್ರಮೇಣ ಸಾಮಾನ್ಯ ಜನರಿಗೂ ಅದು ಹಬ್ಬಿತು. ಗುಡ್ಡದ ಬಳಿ ಇದ್ದವನು ‘ಹಿಲ್’ ಆದ, ಕಾಡಿನಂಚಿನವನು ‘ವುಡ್’ ಆದ. ವಿಜ್ಞಾನಿ ನ್ಯೂಟನ್ನನ ಹೆಸರನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆ ಬಲ್ಲಿರಾ? ‘ನ್ಯೂ’ ಎಂದರೆ ಹೊಸ, ‘ಟನ್’ ಎಂದರೆ ಊರು. ಅಂದರೆ ಅವನು ‘ಹೊಸೂರು’ ಮನೆತನದವನು! ನಮ್ಮಲ್ಲಿ ಹೊಸೂರು, ಹೊಸಹಳ್ಳಿಗಳಿಗೆ ಲೆಕ್ಕವಿಲ್ಲದಂತೆ ಅಲ್ಲಿಯೂ ನ್ಯೂಟನ್‌ಗಳು ಹಲವು. ಆದಕಾರಣ ಆ ಹೆಸರಿನವರೆಲ್ಲ ಒಂದೇ ಬಳ್ಳಿಯವರೆಂದು ಹೇಳುವಂತಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಊರಿನೊಳಗೇ ಇರುವವನಿಗೆ ಊರಿನ ಹೆಸರು ಬೇಕಾಗುವುದಿಲ್ಲ. ಗುಬ್ಬಿಯ ಪೇಟೆಯಲ್ಲಿ ನಿಂತು ‘ಗುಬ್ಬಿಯವರು ಎಲ್ಲಿದ್ದಾರೆ’ ಎಂದು ಕೇಳಿದರೆ ಜನ ನಕ್ಕಾರು. ಊರು ಬಿಟ್ಟು ಹೊರಟವನಿಗೇ ಊರಿನ ಹೆಸರು ಅಂಟುವುದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಊರೂರು ಸುತ್ತಿದ್ದರಿಂದಲೇ ‘ಗುಬ್ಬಿ ಕಂಪನಿ’ ಎನಿಸಿತು; ಹಂಪಣ್ಣನವರ ಮಗ ವೀರಣ್ಣನವರು ನಾಡಿಗೆಲ್ಲ ಗುಬ್ಬಿ ವೀರಣ್ಣನವರಾದರು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದ ಧರ್ಮಾತ್ಮರು ಗುಬ್ಬಿ ತೋಟದಪ್ಪನವರೆಂದೇ ಮನೆಮಾತಾದರು. ಇವರಿಬ್ಬರಲ್ಲಿಯೂ ಊರು ಅಕ್ಷರವಾಗಿ ಕುಗ್ಗದೆ ಪೂರ್ತಿಯಾಗಿ ಉಳಿಯಿತೆಂಬುದು ಗುಬ್ಬಿಯ ಭಾಗ್ಯ.

ಈ ರೂಢಿ ನಿನ್ನೆ ಮೊನ್ನೆಯದಲ್ಲ. 16ನೇ ಶತಮಾನದಲ್ಲಿ ‘ಭಾವಚಿಂತಾರತ್ನ’ವನ್ನು ಬರೆದ ಕವಿ ಗುಬ್ಬಿಯ ಮಲ್ಲಣಾರ್ಯ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ಸಿದ್ಧಲಿಂಗೇಶ್ವರರ ಹೆಸರಂತೂ ಇನ್ನೂ ಸೊಗಸಾದದ್ದು. ಅದೇ ತಾಲ್ಲೂಕಿನ ಕಗ್ಗೆರೆಯಲ್ಲಿ, ತೋಟವೊಂದರಲ್ಲಿ ತಪಸ್ಸು ಮಾಡಿದ್ದರಿಂದ ಅವರು ‘ತೋಂಟದ ಸಿದ್ಧಲಿಂಗ’ರಾದರು. ಊರಿನ ಬದಲು ಒಂದು ತೋಟವೇ ಹೆಸರಾಗಿ ನಿಂತಿತು. ಇಂಗ್ಲೆಂಡಿನ ಹಿಲ್, ವುಡ್‌ಗಳೂ ಇದೇ ಜಾತಿಯವು.

ಆದರೆ ಹೆಸರಿನಲ್ಲಿರುವ ಊರೇ ಹುಟ್ಟಿದೂರೆಂದು ತಿಳಿಯಲಾಗದು. ಬಿ.ಎಂ.ಶ್ರೀ. ಅವರ ‘ಬಿ’ ಎಂದರೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಅವರು 1884ರಲ್ಲಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ. ಕುವೆಂಪು ಎಂಬುದರ ‘ಕು’ ಕುಪ್ಪಳಿ. ಅವರು 1904ರಲ್ಲಿ ಹುಟ್ಟಿದ್ದು ತಾಯಿಯ ಊರಾದ ಹಿರೇಕೊಡಿಗೆಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ದೂರದ ಆಂಧ್ರದ ಮೋಕ್ಷಗುಂಡಂ; ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರು ಹಿರಿಯರು ಬಿಟ್ಟುಬಂದ ಊರನ್ನು ನೆನೆಯುತ್ತದೆ. ಹೆತ್ತ ತಾಯಿಯ ಊರನ್ನು ಅದು ಬರೆದುಕೊಳ್ಳುವುದಿಲ್ಲ. ಹೆಣ್ಣುಮಕ್ಕಳ ಪಾಡೂ ಹೀಗೆಯೇ. ಮದುವೆಯಾದ ಮೇಲೆ ತವರೂರಿನ ಅಕ್ಷರ ಎಷ್ಟೋ ಮನೆಗಳಲ್ಲಿ ಅಳಿಸಿಹೋಗಿದೆ. ಮನೆತನದ ಚರಿತ್ರೆಯ ಅರ್ಧಭಾಗ ಹೀಗೆ ಹೆಸರಿನ ಹೊರಗೇ ಉಳಿದುಬಿಟ್ಟಿದೆ.

ಉಳಿದ ಅರ್ಧವಾದರೂ ಕ್ಷೇಮವಾಗಿದೆಯೆ? ಅದೂ ಇಲ್ಲ. ಇಂಗ್ಲಿಷಿನ ‘ಟಿ’ ಎಂಬ ಒಂದೇ ಅಕ್ಷರದೊಳಗೆ ತುಮಕೂರು, ತಿಪಟೂರು, ತುರುವೇಕೆರೆ ಮೂರೂ ಕೂಡಿಹೋಗಿವೆ. ‘ಕೆ’ ಎಂದರೆ ಕುಣಿಗಲೋ, ಕೊರಟಗೆರೆಯೋ, ಕೋಲಾರವೋ? ಕನ್ನಡದ ಅಕ್ಷರವನ್ನೇ ಹಿಡಿದವರು ಈ ತೊಡಕಿನಿಂದ ಸ್ವಲ್ಪಮಟ್ಟಿಗೆ ಪಾರಾದರು. ತೀ.ನಂ.ಶ್ರೀ. ಎಂದಾಗ ‘ತೀ’ ಎಂಬುದು ತೀರ್ಥಪುರದ ದಾರಿಯನ್ನು ತೋರಿಸುತ್ತದೆ. ಅದೇ ‘ಟಿ’ ಆಗಿದ್ದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಆ ಹಳ್ಳಿ ಯಾರ ನೆನಪಿಗೆ ಬರುತ್ತಿತ್ತು? ಇನ್ನು ಮೊದಲಕ್ಷರಗಳೆಲ್ಲ ಊರೇ ಎಂದೂ ನಂಬಬೇಡಿ. ಪು.ತಿ.ನ. ಅವರ ‘ಪು’ ಊರಲ್ಲ, ಪುರೋಹಿತ ಎಂಬುದರ ಗುರುತು.

ಈಗ ಕಾಲ ಇನ್ನೊಂದು ತಿರುವು ಕೊಟ್ಟಿದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕು, ಮನೆತನದ ಹೆಸರಿಗೆಂದು ಬೇರೆ ಜಾಗವಿದೆ. ಹುಡುಗ ತಂದೆಯನ್ನು ಕೇಳುತ್ತಾನೆ, ತಂದೆ ಅಜ್ಜನನ್ನು ಕೇಳುತ್ತಾರೆ. ಅಜ್ಜ ಇದ್ದರೆ ಸರಿ. ಇಲ್ಲದಿದ್ದರೆ ಆ ಅಕ್ಷರ ಬೀಗದಕೈ ಕಳೆದ ಪೆಟ್ಟಿಗೆಯಾಗುತ್ತದೆ. ಊರು ತಿಳಿದು ಬರೆದವನು ಹೊರದೇಶಕ್ಕೆ ಹೋದರೆ ಅಲ್ಲಿ ‘ಮಿಸ್ಟರ್ ಕುಣಿಗಲ್’ ಎನಿಸುತ್ತಾನೆ, ಅವನ ಮಕ್ಕಳೂ ಕುಣಿಗಲ್‌ಗಳೇ ಆಗುತ್ತಾರೆ. ಇಂಗ್ಲೆಂಡಿನಲ್ಲಿ, 1974ರವರೆಗೆ ಡರಮ್ ಪ್ರಾಂತಕ್ಕೆ ಸೇರಿದ್ದ ವಾಷಿಂಗ್ಟನ್ ಎಂಬ ಊರಿದೆ. 12ನೇ ಶತಮಾನದಲ್ಲಿ ಅಲ್ಲಿ ನೆಲೆನಿಂತ ಮನೆತನ ಆ ಹೆಸರನ್ನು ಹಿಡಿಯಿತು. 17ನೇ ಶತಮಾನದಲ್ಲಿ ಅದರ ಒಂದು ಕವಲು ಕಡಲು ದಾಟಿ ವರ್ಜೀನಿಯ ಸೇರಿತು. 1789ರಲ್ಲಿ ಆ ವಂಶದ ಜಾರ್ಜ್ ಅಮೆರಿಕದ ಮೊದಲ ಅಧ್ಯಕ್ಷನಾದ, ರಾಜಧಾನಿಗೆ ಅವನ ಹೆಸರಾಯಿತು. ಊರು ಮನುಷ್ಯನ ಹೆಸರಾಗಿ, ಮನುಷ್ಯ ಮತ್ತೆ ಊರಿನ ಹೆಸರಾದ! ಹೆಸರನ್ನು ಪೂರ್ತಿಯಾಗಿ ಹೊತ್ತು ನಡೆದಿದ್ದರಿಂದ ಇದು ಸಾಧ್ಯವಾಯಿತು; ಬರಿಯ ‘ಡಬ್ಲ್ಯು’ ಆಗಿದ್ದರೆ ಆಗುತ್ತಿರಲಿಲ್ಲ.

ಆದಕಾರಣ ನನ್ನದೊಂದು ಬಿನ್ನಹ. ಮನೆಯಲ್ಲಿ ಹಿರಿಯರು ಇರುವಾಗಲೇ ಆ ಮೊದಲ ಅಕ್ಷರದ ಊರು ಯಾವುದು, ಯಾವ ತಾಲ್ಲೂಕು, ಯಾಕೆ ಬಿಟ್ಟು ಬಂದೆವು ಎಂಬುದನ್ನು ಕೇಳಿ ಬರೆದಿಡಿ. ಬರಗಾಲವೋ, ಪ್ಲೇಗೋ, ಮಕ್ಕಳ ಓದೋ, ಸರ್ಕಾರದ ನೌಕರಿಯೋ, ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ತಾಯಿಯ ಊರನ್ನೂ, ಅಜ್ಜಿಯ ಊರನ್ನೂ ಬರೆಯಿರಿ. ಹೆಸರು ಹೊರಲಾರದೆ ಬಿಟ್ಟದ್ದನ್ನು ಒಂದು ಹಾಳೆ ಹೊತ್ತೀತು.