ಜಗಲಿಯಿಂದ ಕಂಡ ಅನಂತಪುರ



ನಾನು ಮಾತುಗಾರನಲ್ಲ, ತಕ್ಕಡಿ ಹಿಡಿದವನು. ಓದು ಎಸ್.ಎಸ್.ಎಲ್.ಸಿ. ತನಕ. ಹಿರಿಯರ ಅಪ್ಪಣೆಯೆಂದು ಊರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಸರೋವರದ ನಡುವೆ ಶ್ರೀ ಅನಂತಪದ್ಮನಾಭ ಸ್ವಾಮಿ ನೆಲೆಸಿದ ಕ್ಷೇತ್ರವಿದು. ಬಿಲ್ವಮಂಗಲ ಸ್ವಾಮಿಗಳ ಐತಿಹ್ಯ, ಆ ಗುಹೆ ತಮಗೆಲ್ಲ ತಿಳಿದದ್ದೇ. ನಾನು ಬಲ್ಲದ್ದು ಅಂಗಡಿ ಜಗಲಿಯಿಂದ ಕಂಡ ಊರು. ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದ ನಮ್ಮ ಹಿರಿಯರು 1956ರ ನವೆಂಬರ್ 1ರಂದು ಕೇರಳದವರಾದರು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಮನೆ ಬಿಟ್ಟು ಯಾರೂ ಕದಲಲಿಲ್ಲ. ಕಚೇರಿಯ ಕಾಗದದ ಭಾಷೆ ಬದಲಾಯಿತು. ನನ್ನ ಅಂಗಡಿಯಲ್ಲಿ ತುಳುವಿನಲ್ಲಿ ಬೆಲ್ಲ ಕೇಳುತ್ತಾರೆ, ಮಲಯಾಳದಲ್ಲಿ ಚರ್ಚೆ ಮಾಡುತ್ತಾರೆ, ಸಾಲ ಬರೆಯುವುದು ಕನ್ನಡದಲ್ಲಿ. ತೀರಿಸುವಾಗ ಯಾವ ಭಾಷೆಯೂ ಬಾರದವರಿದ್ದಾರೆ, ಅದಿರಲಿ.

2022ರ ಅಕ್ಟೋಬರ್ 9ರ ರಾತ್ರಿ ನಮ್ಮ ಬಬಿಯಾ ಹರಿಪಾದ ಸೇರಿತು. ನೈವೇದ್ಯದ ಅನ್ನ ಉಂಡು, ಯಾರಿಗೂ ಕೇಡೆಣಿಸದೆ ಬಾಳಿದ ಮೊಸಳೆ. ಮರುದಿನ ಎಲ್ಲೆಲ್ಲಿಂದಲೋ ಬಂದ ಜನ ಕಣ್ಣೊರೆಸಿಕೊಂಡರು. ಯಾರು ಯಾವ ಭಾಷೆಯವರೆಂದು ಅಂದು ಯಾರೂ ಕೇಳಲಿಲ್ಲ. 2023ರ ನವೆಂಬರಿನಲ್ಲಿ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು.

ನನ್ನದೊಂದು ಕೊರಗು. ಮೊಮ್ಮಗಳು ಸಂಚಿಕೆಯ ಚಿತ್ರ ನೋಡಿ "ಬಬಿಯಾ" ಎನ್ನುತ್ತಾಳೆ. ಕೆಳಗೆ ಬರೆದ ಕನ್ನಡ ಅಕ್ಷರ ಓದಲಾರಳು. ತಪ್ಪು ಮಗುವಿನದಲ್ಲ, ಶಾಲೆಯದೂ ಅಲ್ಲ, ಹೇಳಿಕೊಡದ ನಮ್ಮದು. ಉತ್ಸವ ಕಳೆದ ಮೇಲೆ ಪ್ರತಿ ಭಾನುವಾರ ಸಂಜೆ ನನ್ನ ಅಂಗಡಿ ಜಗಲಿ ಮಕ್ಕಳಿಗೆ ಖಾಲಿ ಇರುತ್ತದೆ. ಕಲಿಸಬಲ್ಲವರು ದಯಮಾಡಿ ಮುಂದೆ ಬರಬೇಕು. ಸ್ಲೇಟು, ಕಡ್ಡಿ ನನ್ನ ಲೆಕ್ಕಕ್ಕೆ.