ಕಾನೋದ ಮಕ್ಕಳು ಮತ್ತು ನಮ್ಮ ಮೌನ



1996ರಲ್ಲಿ ನೈಜೀರಿಯಾವನ್ನು ಮೆದುಳುಪೊರೆಯ ಸೋಂಕು ಆವರಿಸಿತು. ರೋಗಪೀಡಿತರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಉತ್ತರದ ಕಾನೋ ನಗರದ ಸರಕಾರಿ ಆಸ್ಪತ್ರೆ ತುಂಬಿ ತುಳುಕುತ್ತಿದ್ದಾಗ ಅಮೆರಿಕದ ಫೈಝರ್ ಕಂಪೆನಿಯ ತಂಡವು ಅಲ್ಲಿಗೆ ಬಂದಿಳಿಯಿತು. ಸುಮಾರು 200 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಟ್ರೋವನ್ ಎಂಬ ಹೊಸ ಔಷಧವನ್ನೂ ಉಳಿದವರಿಗೆ ಅದಾಗಲೇ ಬಳಕೆಯಲ್ಲಿದ್ದ ಔಷಧವನ್ನೂ ನೀಡಿತು. 11 ಮಕ್ಕಳು ತೀರಿಕೊಂಡರು. ಅವರಲ್ಲಿ ಐವರು ಹೊಸ ಔಷಧ ಪಡೆದವರು, ಆರು ಮಂದಿ ಹಳೆಯದನ್ನು ಪಡೆದವರು.

ಸಾವಿಗೆ ರೋಗವೇ ಕಾರಣ, ಪಾಲಕರಿಂದ ಮೌಖಿಕ ಒಪ್ಪಿಗೆ ಪಡೆಯಲಾಗಿತ್ತು ಎಂಬುದು ಕಂಪೆನಿಯ ವಾದ. ಇದೊಂದು ಪ್ರಯೋಗವೆಂದು ತಮಗೆ ಯಾರೂ ತಿಳಿಸಲಿಲ್ಲ ಎಂಬುದು ಹೆತ್ತವರ ದೂರು. 2000ದಲ್ಲಿ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಈ ವಿಷಯವನ್ನು ಬಯಲಿಗೆಳೆಯಿತು. 2009ರಲ್ಲಿ ಕಂಪೆನಿಯು ತಪ್ಪನ್ನು ಒಪ್ಪಿಕೊಳ್ಳದೆಯೇ ಕಾನೋ ರಾಜ್ಯದೊಂದಿಗೆ 7.5 ಕೋಟಿ ಡಾಲರ್‌ಗಳಿಗೆ ರಾಜಿ ಮಾಡಿಕೊಂಡಿತು. ಮೊದಲ ಪರಿಹಾರ ಕುಟುಂಬಗಳ ಕೈಸೇರಿದ್ದು 2011ರಲ್ಲಿ. ಅಂದರೆ ಹದಿನೈದು ವರ್ಷಗಳ ಬಳಿಕ!

ಈ ಗಾಯವು ಇನ್ನೊಂದು ಗಾಯಕ್ಕೆ ದಾರಿಯಾಯಿತು. 2003ರಲ್ಲಿ ಪೋಲಿಯೋ ಹನಿಯು ಸಂತಾನಹರಣದ ಸಂಚು ಎಂಬ ವದಂತಿ ಕಾನೋದಲ್ಲಿ ಹಬ್ಬಿತು. ಕೆಲವು ಧಾರ್ಮಿಕ ಮುಖಂಡರು ಅದಕ್ಕೆ ದನಿಗೂಡಿಸಿದರು. ರಾಜ್ಯ ಸರಕಾರ ಲಸಿಕೆಯನ್ನೇ ನಿಲ್ಲಿಸಿತು. ಒಮ್ಮೆ ಮೋಸಹೋದೆವೆಂದು ನಂಬಿದ್ದ ಜನರಿಗೆ ಈ ವದಂತಿ ಸತ್ಯದಂತೆಯೇ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿದೆ? ಇಂಡೋನೇಷ್ಯಾದಿಂದ ಲಸಿಕೆ ತರಿಸಿದ ಮೇಲೆ, 2004ರಲ್ಲಿ ಬಹಿಷ್ಕಾರ ಕೊನೆಗೊಂಡಿತು. ಅಷ್ಟರಲ್ಲಿ ರೋಗವು ಗಡಿ ದಾಟಿ, ಪೋಲಿಯೋಮುಕ್ತವಾಗಿದ್ದ ದೇಶಗಳಿಗೂ ಮರಳಿತ್ತು. ಔಷಧ ಪ್ರಯೋಗದಲ್ಲಿ ಬಲಿಪಶುಗಳಾದವರು ಬಡ ಮಕ್ಕಳು. ವದಂತಿಯಿಂದ ಕಾಲು ಕಳೆದುಕೊಂಡವರೂ ಬಡ ಮಕ್ಕಳೇ.

ಬಿಳಿ ಕೋಟು ತೊಟ್ಟವರು ಹೇಳಿದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುವುದು ಒಂದು ರೋಗ. ಎಲ್ಲವನ್ನೂ ಸಂಚೆಂದು ಬಾಗಿಲು ಮುಚ್ಚುವುದು ಇನ್ನೊಂದು ರೋಗ. ಎರಡರಲ್ಲಿಯೂ ನಾವು ಪ್ರಶ್ನೆ ಕೇಳುವ ಹೊಣೆಯಿಂದ ತಪ್ಪಿಸಿಕೊಳ್ಳುತ್ತೇವೆ.

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳು ಲಿಖಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿವೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಹಕ್ಕನ್ನು ನೀಡಿವೆ. ಆದರೆ ಕೇಳುವವರಿಲ್ಲದಿದ್ದರೆ ಕಾನೂನು ಕಪಾಟಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕುವ ಮುನ್ನ ನಾವು ಕೇಳೋಣ: ಇದು ಚಿಕಿತ್ಸೆಯೋ, ಪ್ರಯೋಗವೋ? ಬೇರೆ ಔಷಧ ಇದೆಯೇ? ಬೇಡವೆಂದರೆ ಚಿಕಿತ್ಸೆ ಮುಂದುವರಿಯುವುದೇ? ಹಾನಿಯಾದರೆ ಹೊಣೆ ಯಾರದು? ಓದು ಬಾರದ ನೆರೆಮನೆಯವರ ಪರವಾಗಿಯೂ ಈ ಪ್ರಶ್ನೆಗಳನ್ನು ನಾವೇ ಕೇಳೋಣ. ಮತ್ತು ಪೋಲಿಯೋ ಹನಿಯ ದಿನ ನಮ್ಮ ಮಕ್ಕಳನ್ನು ಸಾಲಿನಲ್ಲಿ ಮುಂದೆ ನಿಲ್ಲಿಸೋಣ.