ಕರಾರಿನ ಕೊನೆಯ ಕಲಮು



ಕಟ್ಟಡದ ಗುತ್ತಿಗೆ, ವಾಹನ ಸಾಲ, ಪಾಲುದಾರಿಕೆ ಪತ್ರ, ಯಾವುದನ್ನೇ ತೆಗೆದುಕೊಳ್ಳಿ. ವ್ಯಾಜ್ಯ ಬಂದರೆ ಆರ್ಬಿಟ್ರೇಷನ್‌ಗೆ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ತೀರ್ಮಾನಕ್ಕೆ) ಒಪ್ಪಿಸತಕ್ಕದ್ದು ಎಂಬ ಕಲಮು ಕೊನೆಯ ಪುಟಗಳಲ್ಲೆಲ್ಲೋ ಇರುತ್ತದೆ. ಓದುವವರು ಕಡಿಮೆ. ಸಹಿ ಬಿದ್ದ ಮೇಲೆ ಸಿವಿಲ್ ಕೋರ್ಟಿಗೆ ಹೋದರೂ, ಎದುರು ಪಕ್ಷದವರು ಸಕಾಲದಲ್ಲಿ ಆ ಕಲಮನ್ನು ಮುಂದಿಟ್ಟರೆ ನ್ಯಾಯಾಲಯ ನಿಮ್ಮನ್ನು ಆರ್ಬಿಟ್ರೇಟರ್ ಬಳಿಗೇ ಕಳುಹಿಸುತ್ತದೆ. 1996ರ ಆರ್ಬಿಟ್ರೇಷನ್ ಮತ್ತು ಸಂಧಾನ ಕಾಯ್ದೆಯ 8ನೇ ಸೆಕ್ಷನ್ನಿನ ಬಲ ಅದು. ಅಪರಾಧ, ವಿವಾಹ ವಿಚ್ಛೇದನ, ಮಕ್ಕಳ ಪೋಷಕತ್ವದಂಥವು ಇದರ ಹೊರಗೆ.

ಹಳೆಯ 1940ರ ಕಾಯ್ದೆಯಡಿ ಐತೀರ್ಪು, ಅಂದರೆ ಆರ್ಬಿಟ್ರೇಟರ್ ಕೊಟ್ಟ ತೀರ್ಪು, ಬಂದರೂ ಅದನ್ನು ಡಿಕ್ರಿ ಮಾಡಿಸಲು ಮತ್ತೆ ಕೋರ್ಟಿಗೇ ಹೋಗಬೇಕಿತ್ತು. ಈಗ ಐತೀರ್ಪೇ ಡಿಕ್ರಿಯಂತೆ ಜಾರಿಯಾಗುತ್ತದೆ. ಪ್ರಶ್ನಿಸಲು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅಷ್ಟೇ. ಪ್ರಶ್ನಿಸಿದರೂ ಕೋರ್ಟು ಸಾಕ್ಷ್ಯವನ್ನು ಮೊದಲಿನಿಂದ ತೂಗಿ ನೋಡುವುದಿಲ್ಲ. ಹಾಗಾಗಿ ಆರ್ಬಿಟ್ರೇಟರ್ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಸರ್ಕಾರಿ ಗುತ್ತಿಗೆಗಳಲ್ಲಿ ಇಲಾಖೆಯ ಎಂಜಿನಿಯರೇ ಆರ್ಬಿಟ್ರೇಟರ್ ಆಗುತ್ತಿದ್ದ ಕಾಲವಿತ್ತು. 2015ರ ತಿದ್ದುಪಡಿ ಒಂದು ಪಕ್ಷದ ನೌಕರರನ್ನೂ ಸಲಹೆಗಾರರನ್ನೂ ಅನರ್ಹಗೊಳಿಸಿತು. ಆಗ ಆ ಪಕ್ಷದವರಿಗೆ ತಾವು ಕೂರದೆ ತಮಗೆ ಬೇಕಾದವರನ್ನು ಕೂರಿಸುವ ದಾರಿ ಉಳಿಯಿತು. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ತಡೆ ಹಾಕಿತು. ಸರ್ಕಾರಿ ಗುತ್ತಿಗೆಗಳಲ್ಲಿ ಇಂಥ ಏಕಪಕ್ಷೀಯ ನೇಮಕದ ಕಲಮು ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಹೇಳಿತು. ಇಷ್ಟು ಸರಳವಾದ ನ್ಯಾಯಕ್ಕೆ ಇಷ್ಟು ವರ್ಷ ಕಾಯಬೇಕಾಯಿತಲ್ಲ ಎಂಬುದು ನನ್ನ ನೋವು.

ಆರ್ಬಿಟ್ರೇಷನ್ ಒಂದೇ ದಾರಿಯಲ್ಲ; 1996ರ ಅದೇ ಕಾಯ್ದೆಯ ಮೂರನೆಯ ಭಾಗ ಸಂಧಾನದ್ದು. ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಸಂಧಾನಕಾರ ತೀರ್ಪು ಕೊಡುವುದಿಲ್ಲ, ಮಾತಿಗೆ ಕೂರಿಸುತ್ತಾನೆ. ಅಲ್ಲಿ ಮುಂದಿಟ್ಟ ಸಲಹೆ, ಒಪ್ಪಿಕೊಂಡ ತಪ್ಪು ಯಾವುದನ್ನೂ ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಿ ಸಹಿ ಮಾಡಿದ ರಾಜಿಪತ್ರಕ್ಕೋ ಐತೀರ್ಪಿನಷ್ಟೇ ಬಲ. ವ್ಯಾಪಾರವನ್ನೂ ಸಂಬಂಧವನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕಾದ ಪಾಲುದಾರರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮುಂದಿನ ಕರಾರು ಕೈಗೆ ಬಂದಾಗ ಆರ್ಬಿಟ್ರೇಷನ್ ಕಲಮನ್ನು ಓದಿ. ಆರ್ಬಿಟ್ರೇಟರನ್ನು ಯಾರು ನೇಮಿಸುತ್ತಾರೆ, ವಿಚಾರಣೆ ಯಾವ ಊರಿನಲ್ಲಿ ಎಂದು ನೋಡಿ. ನೇಮಕ ಒಬ್ಬರ ಕೈಯಲ್ಲೇ ಇದ್ದರೆ, ಬೆಂಗಳೂರಿನ ಖನಿಜ ಭವನದಲ್ಲಿರುವ ಆರ್ಬಿಟ್ರೇಷನ್ ಕೇಂದ್ರದಂಥ ಸಂಸ್ಥೆಯ ಹೆಸರು ಬರೆಸಿ, ಆಮೇಲೆ ಸಹಿ ಹಾಕಿ.